ಪುಟ್ಟ ಕಾರಿಗೆ ಹತ್ತಿದ ಸಿಗರೇಟಿನ ಕರೆ: ಬಣ್ಣ ಕೆಡದಂತೆ ತೆಗೆಯುವುದು ಹೇಗೆ?

ಅಜ್ಜನೋ ದೊಡ್ಡಪ್ಪನೋ ಜತನದಿಂದ ಕೂಡಿಟ್ಟ ಲೋಹದ ಪುಟ್ಟ ಕಾರುಗಳು ಬೀರುವಿನಿಂದ ಹೊರಬಂದಾಗ ಮನೆಮಂದಿಯ ಕಣ್ಣಿಗೆ ಮೊದಲು ಬೀಳುವುದು ಕಾರಲ್ಲ, ಅದರ ಮೇಲೆ ಕಟ್ಟಿದ ಕಂದು ಪೊರೆ. ಬಿಳಿಯ ಆಂಬುಲೆನ್ಸು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ತಿಳಿನೀಲಿಯ ಸೆಡಾನ್ ಹಸಿರಾಗಿ ಕಾಣುತ್ತದೆ. ಕೈಗೆತ್ತಿಕೊಂಡರೆ ಬೆರಳು ಅಂಟುತ್ತದೆ, ಮೂಗಿಗೆ ಹಳೆಯ ಸಿಗರೇಟಿನ ಘಾಟು ಬಡಿಯುತ್ತದೆ. ದಿನಕ್ಕೊಂದು ಪ್ಯಾಕು ಸೇದುತ್ತಿದ್ದವರ ಕೋಣೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ನಿಂತ ವಸ್ತುವಿನ ಸ್ಥಿತಿ ಇದು.

ಇಂತಹ ಹೊತ್ತಿನಲ್ಲಿ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಬಟ್ಟೆಯ ತುಂಡಿಗೆ ಥಿನ್ನರ್ ಸುರಿದು ಉಜ್ಜುವುದು. ಕರೆ ಹೋಗುತ್ತದೆ, ನಿಜ. ಅದರ ಜೊತೆಯಲ್ಲೇ ಅರವತ್ತು ವರ್ಷ ಹಳೆಯ ಬಣ್ಣವೂ ಬಟ್ಟೆಗೆ ಬರುತ್ತದೆ. ಸಂಗ್ರಹಯೋಗ್ಯ ಲೋಹದ ಆಟಿಕೆಯ ಬೆಲೆಯ ಬಹುಪಾಲು ಇರುವುದು ಕಾರ್ಖಾನೆಯಲ್ಲಿ ಬಿದ್ದ ಮೂಲ ಬಣ್ಣದಲ್ಲಿ. ಮರುಬಣ್ಣ ಬಳಿದ ಕಾರು ಎಷ್ಟೇ ಹೊಳೆದರೂ ಹವ್ಯಾಸಿಗಳ ಲೆಕ್ಕದಲ್ಲಿ ಅದು ಬೇರೆಯೇ ವಸ್ತು. ಕರೆಯನ್ನು ನಾಳೆಯೂ ತೆಗೆಯಬಹುದು, ಹೋದ ಬಣ್ಣವನ್ನು ಎಂದಿಗೂ ಮರಳಿ ತರಲಾಗದು. ಶುಚಿಗೊಳಿಸುವ ಕ್ರಮವೆಲ್ಲ ಈ ಒಂದು ಸಂಗತಿಯ ಸುತ್ತಲೇ ರೂಪುಗೊಂಡಿದೆ.

ಪೊರೆಯಲ್ಲಿ ಇರುವುದೇನು?

ಸಾಮಾನ್ಯವಾಗಿ ಇದನ್ನು ‘ನಿಕೋಟಿನ್ ಕರೆ’ ಎನ್ನುವುದುಂಟು. ಹೆಸರು ಅಷ್ಟೇನೂ ಸರಿಯಲ್ಲ. ಶುದ್ಧ ನಿಕೋಟಿನ್ ಬಣ್ಣವಿಲ್ಲದ ಎಣ್ಣೆಯಂತಹ ದ್ರವ. ಗಾಳಿ ಬೆಳಕು ತಾಗಿದಾಗ ಅದು ಕಂದಾಗುತ್ತದೆಯಾದರೂ ಕಣ್ಣಿಗೆ ಕಾಣುವ ಹಳದಿಯ ಹೆಚ್ಚಿನ ಪಾಲು ಟಾರ್‌ನದು. ತಂಬಾಕಿನ ಎಲೆ ಪೂರ್ತಿಯಾಗಿ ಉರಿಯದೆ ಹೊಗೆಯಾಡಿದಾಗ ಹುಟ್ಟುವ ನೂರಾರು ಅಂಟು ಸಂಯುಕ್ತಗಳ ಒಟ್ಟು ಹೆಸರೇ ಟಾರ್. ಹೊಗೆಯ ಕಣಗಳು ಅತಿ ಸೂಕ್ಷ್ಮವಾದ್ದರಿಂದ ಬೀರುವಿನ ಬಾಗಿಲ ಸಂದಿಯಿಂದಲೂ ನುಸುಳಿ, ತಣ್ಣನೆಯ ಲೋಹದ ಮೇಲೆ ಕೂರುತ್ತವೆ. ಮೊದಲು ತೆಳುವಾದ ಅಂಟು, ಅದರ ಮೇಲೆ ಮನೆಯ ಧೂಳು, ಧೂಳಿನ ಮೇಲೆ ಮತ್ತೆ ಅಂಟು. ಹೀಗೆ ಪದರದ ಮೇಲೆ ಪದರ ಬೆಳೆಯುತ್ತದೆ.

ಈ ಪದರಗಳೆಲ್ಲ ಒಂದೇ ಬಗೆಯ ದ್ರವದಲ್ಲಿ ಕರಗುವುದಿಲ್ಲ ಎಂಬುದು ಶುಚಿಗೊಳಿಸುವವರು ಗಮನದಲ್ಲಿಡಬೇಕಾದ ಮಾತು. ನಿಕೋಟಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಟಾರ್‌ನ ಒಂದು ಭಾಗ ನೀರಿಗೆ ಬಿಡುತ್ತದೆ, ಇನ್ನೊಂದು ಭಾಗಕ್ಕೆ ಸಾಬೂನಿನಂತಹ ದ್ರಾವಣ ಬೇಕು. ಮತ್ತೂ ಒಂದು ಸಣ್ಣ ಭಾಗ ಎಣ್ಣೆಯ ಗುಣದ್ದು, ಅದು ಮಿನರಲ್ ಟರ್ಪೆಂಟೈನ್‌ನಂತಹ ದ್ರವಕ್ಕಷ್ಟೇ ಜಗ್ಗುತ್ತದೆ. ನೀರಿನಿಂದ ಆರಂಭಿಸಿ ಅಗತ್ಯವಿದ್ದರಷ್ಟೇ ಮುಂದಿನದಕ್ಕೆ ಹೋಗಬೇಕೆನ್ನುವ ನಿಯಮ ಹುಟ್ಟಿದ್ದು ಇಲ್ಲಿಂದಲೇ.

ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಗೊಂದಲವೂ ಉಂಟು. ದೇವರ ಕೋಣೆಯ ಪಕ್ಕದ ಗೋಡೆಗೂಡಿನಲ್ಲಿಟ್ಟ ವಸ್ತುವಿಗೆ ದೀಪದ ಮಸಿ, ಊದುಬತ್ತಿ ಮತ್ತು ಸಾಂಬ್ರಾಣಿಯ ಹೊಗೆ ಹತ್ತಿರುತ್ತದೆ. ಅಡುಗೆಮನೆಯತ್ತ ಇದ್ದರೆ ಒಗ್ಗರಣೆಯ ಎಣ್ಣೆಜಿಡ್ಡು ಸೇರುತ್ತದೆ. ದೀಪದ ಮಸಿ ಒಣಪುಡಿಯಾಗಿದ್ದು ಕಪ್ಪಾಗಿರುತ್ತದೆ. ಅದಕ್ಕೆ ಮೊದಲೇ ನೀರು ತಾಗಿಸಿದರೆ ಬಣ್ಣದ ಸೂಕ್ಷ್ಮ ಬಿರುಕುಗಳೊಳಗೆ ಇಳಿದು ಕೂರುತ್ತದೆ. ಹೀಗಾಗಿ ಮಸಿಯನ್ನು ಒಣಗಿದ್ದಾಗಲೇ ಕುಂಚದಿಂದ ಉದುರಿಸಬೇಕು.

ಹೊಗೆಯೋ, ವಯಸ್ಸೋ?

ಹಳದಿಯಾದದ್ದೆಲ್ಲ ಹೊಗೆಯಲ್ಲ. ಎಣ್ಣೆ ಮೂಲದ ಎನಾಮೆಲ್ ಬಣ್ಣ ಕತ್ತಲಲ್ಲಿ ವರ್ಷಗಟ್ಟಲೆ ಇದ್ದರೆ ತಾನಾಗಿಯೇ ಹಳದಿಗೆ ತಿರುಗುತ್ತದೆ. ಮೇಲೆ ಬಳಿದ ವಾರ್ನಿಷ್ ಕೂಡ ಹಾಗೆಯೇ. ಈ ಹಳದಿ ಬಣ್ಣದ ಒಳಗಿನದು, ಯಾವ ಸಾಬೂನಿಗೂ ಹೋಗದು. ಹೋಗಿಸಲು ಹಟ ಹಿಡಿದವರು ಬಣ್ಣವನ್ನೇ ಕಳೆದುಕೊಳ್ಳುತ್ತಾರೆ.

ಎರಡನ್ನೂ ಬೇರ್ಪಡಿಸಿ ನೋಡುವ ವಿಧಾನ ಸರಳವಾದದ್ದು. ಕಾರಿನ ತಳಭಾಗ, ಬಾಗಿಲಿನ ಒಳಅಂಚು, ಚಕ್ರದ ಮರೆ ಇಂತಹ ಹೊಗೆ ತಲುಪದ ಜಾಗಗಳ ಬಣ್ಣವನ್ನು ಮೇಲ್ಭಾಗದ ಬಣ್ಣದೊಂದಿಗೆ ಹೋಲಿಸಬೇಕು. ಬಳಿಕ ಹತ್ತಿ ಸುತ್ತಿದ ಕಡ್ಡಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಹಿಂಡಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದೆರಡು ಸುತ್ತು ಹೊರಳಿಸಬೇಕು. ಹತ್ತಿ ಚಹಾದ ಬಣ್ಣಕ್ಕೆ ತಿರುಗಿದರೆ ಅದು ಹೊಗೆ. ಹತ್ತಿ ಬೆಳ್ಳಗೇ ಉಳಿದರೆ ಹಳದಿ ಬಣ್ಣದ್ದೇ ಇರಬಹುದು. ಕೆಂಪು ಕಾರಿನಿಂದ ಹತ್ತಿ ಕೆಂಪಾಗಿ ಬಂದರೆ? ಅಲ್ಲಿಗೇ ನಿಲ್ಲಿಸಬೇಕು. ಆ ಬಣ್ಣ ನೀರನ್ನೂ ತಾಳುತ್ತಿಲ್ಲವೆಂದರ್ಥ.

ಕಾರಿನ ಮೈಯ ಪರಿಚಯ

ಸಂಗ್ರಹಗಳಲ್ಲಿ ಹೆಚ್ಚಾಗಿ ಸಿಗುವುದು ಅಚ್ಚಿಗೆ ಒತ್ತಡದಿಂದ ಕರಗಿದ ಲೋಹ ತುಂಬಿ ಎರಕ ಹೊಯ್ದ ಕಾರುಗಳು. ಲಿವರ್‌ಪೂಲ್‌ನ ಮೆಕಾನೊ ಕಂಪನಿ ‘ಡಿಂಕಿ ಟಾಯ್ಸ್’ ಎಂಬ ಹೆಸರನ್ನು 1934ರಲ್ಲಿ ಬಳಕೆಗೆ ತಂದಿತು. ಲಂಡನ್ನಿನ ಲೆಸ್ನಿ ಕಂಪನಿಯ ‘ಮ್ಯಾಚ್‌ಬಾಕ್ಸ್’ 1953ರಲ್ಲಿ, ಮೆಟಾಯ್ ಕಂಪನಿಯ ‘ಕಾರ್ಗಿ’ 1956ರಲ್ಲಿ, ಅಮೆರಿಕದ ಮ್ಯಾಟೆಲ್‌ನ ‘ಹಾಟ್ ವೀಲ್ಸ್’ 1968ರಲ್ಲಿ ಮಾರುಕಟ್ಟೆಗೆ ಬಂದವು. ಡಿಂಕಿಯ ಲಿವರ್‌ಪೂಲ್ ಕಾರ್ಖಾನೆ 1979ರಲ್ಲಿ ಬಾಗಿಲು ಮುಚ್ಚಿತು. ಭಾರತಕ್ಕೂ ಇದರ ನಂಟಿದೆ. ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದು, ಅವುಗಳಿಂದ ‘ನಿಕಿ ಟಾಯ್ಸ್’ ಎಂಬ ಹೆಸರಿನ ಕಾರುಗಳು ತಯಾರಾದವು. ಭಾರತೀಯ ಹವ್ಯಾಸಿಗಳಷ್ಟೇ ಅಲ್ಲ, ಹೊರದೇಶದವರೂ ಇವನ್ನು ಹುಡುಕಿ ಕೊಳ್ಳುತ್ತಾರೆ.

ಇವುಗಳ ಮೈ ಸತುವಿನ ಮಿಶ್ರಲೋಹದ್ದು. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ರೂಪಿಸಿದ ‘ಜಾಮಾಕ್’ ವರ್ಗದ ಈ ಲೋಹದಲ್ಲಿ ಸತುವಿನ ಜೊತೆ ಸುಮಾರು ಶೇ 4ರಷ್ಟು ಅಲ್ಯೂಮಿನಿಯಂ ಇರುತ್ತದೆ. ಎರಕದಲ್ಲಿ ಸೀಸದ ಕಲಬೆರಕೆ ಆಗಿದ್ದರೆ, ಅದೂ ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ, ಲೋಹ ಕಾಲಕ್ರಮದಲ್ಲಿ ಒಳಗಿಂದಲೇ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ರಸ್ಕಿನಂತೆ ಪುಡಿಯಾಗುತ್ತದೆ. ಹವ್ಯಾಸಿಗಳು ಇದನ್ನು ‘ಜಿಂಕ್ ಪೆಸ್ಟ್’ ಎನ್ನುತ್ತಾರೆ. ರೋಗದ ಹೆಸರಿದ್ದರೂ ಇದು ಒಂದರಿಂದ ಇನ್ನೊಂದಕ್ಕೆ ಅಂಟುವಂಥದಲ್ಲ. ತೇವ ಮತ್ತು ಸೆಕೆ ಇದನ್ನು ಬೇಗ ಬೆಳೆಸುತ್ತವೆ. ಬಣ್ಣದ ಕೆಳಗೆ ಕೂದಲೆಳೆಯ ಬಿರುಕುಗಳು ಕಂಡರೆ, ಮೈ ಡೊಂಕಾಗಿದ್ದರೆ, ಅಂತಹ ಕಾರಿಗೆ ನೀರನ್ನು ತೋರಿಸಲೇಬಾರದು. ಒಣಕುಂಚದಿಂದ ಧೂಳು ತೆಗೆದು ಹಾಗೆಯೇ ಇಡುವುದು ಲೇಸು.

ಬಣ್ಣದಲ್ಲೂ ಬಗೆಗಳಿವೆ. ಹಳೆಯ ಡಿಂಕಿ, ಕಾರ್ಗಿ ಕಾರುಗಳ ಎನಾಮೆಲ್ ಬಣ್ಣವನ್ನು ಒಲೆಯ ಕಾವಿನಲ್ಲಿ ಬೇಯಿಸಿ ಗಟ್ಟಿಗೊಳಿಸಲಾಗುತ್ತಿತ್ತು. ಇದು ತಕ್ಕಮಟ್ಟಿಗೆ ಗಟ್ಟಿ. ಆದರೆ ಬಾಗಿಲ ಮೇಲಿನ ನಂಬರು, ಕಂಪನಿಯ ಲಾಂಛನ ಮುಂತಾದವು ನೀರಿನಲ್ಲಿ ನೆನೆಸಿ ಅಂಟಿಸಿದ ಡೆಕಾಲ್ ಆಗಿರಬಹುದು ಇಲ್ಲವೇ ಕಾಗದದ ಚೀಟಿ ಆಗಿರಬಹುದು. ಇವೆರಡೂ ನೀರಿಗೆ ಏಳುತ್ತವೆ. ಮೊದಲ ವರ್ಷಗಳ ಹಾಟ್ ವೀಲ್ಸ್ ಕಾರುಗಳಲ್ಲಿ ಮಿರುಗುವ ಲೋಹದ ಮೇಲೆ ಪಾರದರ್ಶಕ ಬಣ್ಣ ಹಚ್ಚಿರುತ್ತಾರೆ. ಅದು ತೆಳುವಾದದ್ದು, ತಾನಾಗಿಯೇ ಮಂಕಾಗುವಂಥದು, ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ಕಾರಿನ ಗಾಜಿನ ಜಾಗದಲ್ಲಿರುವ ಪ್ಲಾಸ್ಟಿಕ್, ಬಂಪರಿನ ಬೆಳ್ಳಿಬಣ್ಣದ ಲೇಪ, ರಬ್ಬರಿನ ಟೈರು ಇವುಗಳದು ಮತ್ತೊಂದೇ ಸ್ವಭಾವ. ಒಂದು ಅಂಗೈಯಲ್ಲಿ ಹಿಡಿಯುವ ಕಾರಿನಲ್ಲಿ ಐದಾರು ವಸ್ತುಗಳು ಸೇರಿರುತ್ತವೆ, ಎಲ್ಲಕ್ಕೂ ಒಪ್ಪುವ ದ್ರವ ಒಂದೇ: ಸಪ್ಪೆ ನೀರು. ಅದೂ ಮಿತವಾಗಿ.

ಕೈಗವಸು ಏಕೆ ಬೇಕು?

ನಿಕೋಟಿನ್ ಚರ್ಮದ ಮೂಲಕ ದೇಹ ಸೇರುತ್ತದೆ. ಇದನ್ನು ಹುಣಸೂರು, ಪಿರಿಯಾಪಟ್ಟಣ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಯಲ್ಲಿ ತೊಯ್ದ ತಂಬಾಕಿನ ಎಲೆ ಕೊಯ್ಯುವವರಿಗೆ ತಲೆಸುತ್ತು, ವಾಂತಿ ಬರುವುದನ್ನು ವೈದ್ಯಶಾಸ್ತ್ರ ‘ಹಸಿರು ತಂಬಾಕು ಕಾಯಿಲೆ’ ಎಂದೇ ಗುರುತಿಸಿದೆ. ಒಂದೆರಡು ಆಟಿಕೆ ತೊಳೆಯುವಾಗ ಸಿಗುವ ಪ್ರಮಾಣ ಅದಕ್ಕೆ ಹೋಲಿಕೆಯಲ್ಲ. ಆದರೂ ಇಡೀ ಸಂಗ್ರಹವನ್ನು ದಿನಗಟ್ಟಲೆ ತೊಳೆಯುವವರು ಕಂದು ನೀರಿನಲ್ಲಿ ಬರಿಗೈ ಆಡಿಸುವುದು ತರವಲ್ಲ. ಇನ್ನೊಂದು ಸಂಗತಿಯೂ ಇದೆ. ಮೇಲ್ಮೈಗೆ ಅಂಟಿದ ನಿಕೋಟಿನ್ ಒಳಾಂಗಣದ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ವರ್ತಿಸಿ ಕ್ಯಾನ್ಸರ್‌ಕಾರಕ ನೈಟ್ರೊಸಮೀನ್‌ಗಳನ್ನು ಉಂಟುಮಾಡುತ್ತದೆ ಎಂಬುದನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು. ಸೇದಿದವರು ಕೋಣೆ ಬಿಟ್ಟುಹೋದ ಮೇಲೂ ಉಳಿಯುವ ಈ ಶೇಷಕ್ಕೆ ‘ಮೂರನೇ ಕೈಯ ಹೊಗೆ’ ಎಂಬ ಹೆಸರು ಬಿದ್ದಿದೆ.

ಹೊಗೆಗಿಂತಲೂ ಹೆಚ್ಚು ಎಚ್ಚರ ಬೇಕಾದದ್ದು ಸೀಸದ ಬಗ್ಗೆ. ಹಳೆಯ ಕಾಲದ ಬಣ್ಣಗಳಲ್ಲಿ, ಅದರಲ್ಲೂ ಹಳದಿ ಮತ್ತು ಕೆಂಪಿನ ಛಾಯೆಗಳಲ್ಲಿ, ಸೀಸದ ಸಂಯುಕ್ತಗಳು ಸಾಮಾನ್ಯವಾಗಿದ್ದವು. ಅಮೆರಿಕವು ಆಟಿಕೆ ಹಾಗೂ ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ ಶೇ 0.06ರ ಮಿತಿ ಹಾಕಿದ್ದು 1978ರಲ್ಲಿ. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣಕ್ಕೆ ಹತ್ತು ಲಕ್ಷದಲ್ಲಿ 90 ಭಾಗದ ಮಿತಿ ವಿಧಿಸುವ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷಬಾಧೆಯ ಬಗ್ಗೆ, ಮುಖ್ಯವಾಗಿ ಮಕ್ಕಳ ಮೇಲಾಗುವ ಪರಿಣಾಮದ ಬಗ್ಗೆ, ದೇಶದ ಗಮನ ಸೆಳೆದವರಲ್ಲಿ ಪ್ರಮುಖರು. ಆದ್ದರಿಂದ ಹಳೆಯ ಆಟಿಕೆಯ ಬಣ್ಣವನ್ನು ಮರಳುಕಾಗದದಿಂದ ಉಜ್ಜುವುದಾಗಲಿ, ಒಣಗಿದ ಬಣ್ಣದ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸುವುದಾಗಲಿ ಕೂಡದು. ಶುಚಿಯಾದ ಮೇಲೂ ಅಜ್ಜನ ಕಾರು ಮೊಮ್ಮಗನ ಬಾಯಿಗೆ ಹೋಗುವ ಆಟಿಕೆಯಲ್ಲ. ಅದರ ಜಾಗ ಗಾಜಿನ ಬೀರು.

ಕೆಲಸಕ್ಕೆ ಕೂರುವಾಗ ಕಿಟಕಿ ತೆರೆದಿರಲಿ. ಕೈಗೆ ನೈಟ್ರೈಲ್ ಕೈಗವಸು, ಮೇಜಿನ ಮೇಲೆ ಹಳೆಯ ಟವೆಲು. ಬಳಸುವ ಬಟ್ಟಲು ಅಡುಗೆಮನೆಗೆ ಮರಳುವಂಥದಾಗಬಾರದು.

ತೊಳೆಯುವ ಕ್ರಮ

ಮೊದಲು ಫೋಟೊ. ಎಲ್ಲ ಮಗ್ಗುಲಿನಿಂದ, ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳು ಮುಂದೆ ಮಾರುವಾಗಲೂ ವಿಮೆ ಮಾಡಿಸುವಾಗಲೂ ದಾಖಲೆಯಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಗೀರೊಂದು ಮೊದಲೇ ಇತ್ತೋ ತೊಳೆಯುವಾಗ ಆಯಿತೋ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೆತ್ತನೆಯ ಕುಂಚದಿಂದ ಧೂಳನ್ನು ಉದುರಿಸಬೇಕು. ಮುಖಕ್ಕೆ ಪೌಡರ್ ಹಚ್ಚುವ ಅಗಲ ಕುಂಚ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಂದಿಗಳಿಗೆ ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರಿನ ಬುರುಡೆ ಸಾಕು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ.

ಇನ್ನು ದ್ರಾವಣ. ಬೆಂಗಳೂರಿನ ಬೋರ್‌ವೆಲ್ ನೀರು ಇದಕ್ಕೆ ಆಗದು. ಅದರಲ್ಲಿನ ಸುಣ್ಣದ ಅಂಶ ಒಣಗಿದಾಗ ಕಡುಬಣ್ಣದ ಮೇಲೆ ಬಿಳಿ ಚುಕ್ಕೆಗಳನ್ನು ಉಳಿಸುತ್ತದೆ. ಬ್ಯಾಟರಿ, ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಬಾಟಲಿಯಲ್ಲಿರುವುದು ನೀರೇ ಹೊರತು ಬ್ಯಾಟರಿ ಆಸಿಡ್ ಅಲ್ಲವೆಂದು ಒಮ್ಮೆ ನೋಡಿಕೊಳ್ಳಬೇಕು. ಒಂದು ಲೋಟ ಬೆಚ್ಚನೆಯ ನೀರಿಗೆ, ಅಂದರೆ ಕೈಗೆ ಹಿತವೆನಿಸುವ ಬಿಸಿಗೆ, ಪಾತ್ರೆ ತೊಳೆಯುವ ಸೌಮ್ಯ ದ್ರವದ ಎರಡು ಮೂರು ಹನಿ. ಬಣ್ಣ, ಪರಿಮಳ ಕಡಿಮೆ ಇರುವ ದ್ರವವಾದರೆ ಒಳ್ಳೆಯದು. ನಿಂಬೆಯ ಶಕ್ತಿ, ವಿನೆಗರ್ ಎಂದೆಲ್ಲ ಸಾರಿಕೊಳ್ಳುವವು ಬೇಡ. ನೊರೆ ಹೆಚ್ಚಾದಷ್ಟೂ ಶುಚಿಯೆಂಬುದು ಭ್ರಮೆ. ಉಳಿದ ಸಾಬೂನು ತಾನೇ ಧೂಳು ಹಿಡಿಯುವ ಅಂಟಾಗುತ್ತದೆ.

ಕಾರನ್ನು ಬಟ್ಟಲಿನಲ್ಲಿ ಮುಳುಗಿಸುವುದು ಸುಲಭವೆನಿಸಿದರೂ ಹಾಗೆ ಮಾಡಬಾರದು. ನೀರು ಒಳಗೆ ನಿಂತು ಉಕ್ಕಿನ ಅಚ್ಚುಗೂಟಕ್ಕೆ ತುಕ್ಕು ಹಿಡಿಸುತ್ತದೆ, ಗಾಜಿನ ಒಳಬದಿಗೆ ಆವಿ ಕಟ್ಟುತ್ತದೆ, ಡೆಕಾಲ್ ತೇಲಿಬರುತ್ತದೆ. ಹತ್ತಿಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ, ಟವೆಲಿಗೆ ಒತ್ತಿ, ತೇವ ಮಾತ್ರ ಉಳಿಸಿಕೊಂಡು, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಹೊರಳಿಸಬೇಕು. ಉಜ್ಜುವುದಲ್ಲ, ಹೊರಳಿಸುವುದು. ಉಜ್ಜಿದಾಗ ಧೂಳಿನ ಕಣ ಬಣ್ಣವನ್ನು ಗೀರುತ್ತದೆ, ಹೊರಳಿಸಿದಾಗ ಕೊಳೆ ಹತ್ತಿಯೊಳಗೆ ಏರುತ್ತದೆ. ಹತ್ತಿ ಕಂದಾದ ಕೂಡಲೇ ಎಸೆದು ಹೊಸದು ತೆಗೆದುಕೊಳ್ಳಬೇಕು. ಒಂದು ಸಾಧಾರಣ ಕಾರಿಗೆ ಮೂವತ್ತು ನಲವತ್ತು ಕಡ್ಡಿ ಮುಗಿಯುವುದು ವಿಶೇಷವೇನಲ್ಲ. ಈ ಖರ್ಚಿನಲ್ಲಿ ಜುಗ್ಗತನ ಮಾಡಿದವರು ತೆಗೆದ ಕೊಳೆಯನ್ನೇ ಮತ್ತೆ ಬಳಿಯುತ್ತಾರೆ.

ಒಂದು ಜಾಗ ಮುಗಿದೊಡನೆ ಸಪ್ಪೆ ಡಿಸ್ಟಿಲ್ಡ್ ವಾಟರ್‌ನ ಕಡ್ಡಿಯಿಂದ ಎರಡು ಬಾರಿ ಸಾಬೂನನ್ನು ತೆಗೆದು, ಒಗೆದೊಗೆದು ಮೆತ್ತಗಾದ ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒರೆಸಬೇಕು. ಬಾಗಿಲ ಗೆರೆ, ರೇಡಿಯೇಟರ್ ಜಾಲರಿಯಂತಹ ಕಡೆ ಟಾರ್ ಗಟ್ಟಿಯಾಗಿ ಕೂತಿರುತ್ತದೆ. ಅಲ್ಲಿಗೆ ಮರದ ಹಲ್ಲುಕಡ್ಡಿಗೆ ಎಳೆಹತ್ತಿ ಸುತ್ತಿ ಬಳಸಬಹುದು. ಗುಂಡುಸೂಜಿ, ಬ್ಲೇಡು ಬೇಡ. ಡೆಕಾಲ್ ಇರುವ ಜಾಗದ ಸುತ್ತ ಒಂದೆರಡು ಮಿಲಿಮೀಟರ್ ಹಾಗೆಯೇ ಬಿಟ್ಟು, ಅದರ ಮೇಲೆ ಒಣಕುಂಚ ಮಾತ್ರ ಆಡಿಸಬೇಕು. ಬಿಳಿಕಾರಿನ ಮೇಲೆ ಹಳದಿಯಾಗಿ ಉಳಿದ ಡೆಕಾಲ್ ಕಣ್ಣಿಗೆ ಚುಚ್ಚುತ್ತದೆ ಎಂಬುದು ಸರಿಯೇ. ಆದರೆ ಡೆಕಾಲ್ ಇಲ್ಲದ ಪೊಲೀಸ್ ಕಾರಿಗಿಂತ ಹಳದಿ ಡೆಕಾಲ್ ಇರುವ ಪೊಲೀಸ್ ಕಾರು ಮೇಲು.

ಮೊದಲ ಸುತ್ತಿಗೆ ಎಲ್ಲವೂ ಹೋಗದಿದ್ದರೆ ಒಂದು ದಿನ ಬಿಟ್ಟು ಎರಡನೆಯ ಸುತ್ತು ಮಾಡಬಹುದು. ಒಣಗಿಸಲು ನೆರಳಿನ ಗಾಳಿ ಸಾಕು. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿಗೆ ಇಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ಇಡುವ ಅಭ್ಯಾಸ ಹಪ್ಪಳ ಸಂಡಿಗೆಗೆ ಸರಿ, ಬಣ್ಣಕ್ಕಲ್ಲ.

ಇಷ್ಟಾದ ಮೇಲೂ ಎಣ್ಣೆಯಂತೆ ಜಾರುವ ಕಂದು ಕಲೆ ಉಳಿದಿದ್ದರೆ, ಒಲೆಯಲ್ಲಿ ಬೇಯಿಸಿದ ಎನಾಮೆಲ್ ಬಣ್ಣದ ಮೇಲೆ ಮಾತ್ರ, ಮಿನರಲ್ ಟರ್ಪೆಂಟೈನ್ ತಾಗಿಸಿ ನೋಡಬಹುದು. ಮರೆಯ ಮೂಲೆಯಲ್ಲಿ ಪರೀಕ್ಷೆ ಆಗಿರಬೇಕು, ಪ್ಲಾಸ್ಟಿಕ್ಕಿಗೂ ಟೈರಿಗೂ ತಾಗಕೂಡದು, ಹತ್ತಿರದಲ್ಲಿ ಬೆಂಕಿ ಇರಕೂಡದು. ಪೇಂಟ್ ಅಂಗಡಿಯಲ್ಲಿ ಕೇಳುವಾಗ ಟರ್ಪೆಂಟೈನ್ ಎಂದು ಸ್ಪಷ್ಟವಾಗಿ ಹೇಳಬೇಕು. ಅದರ ಬದಲಿಗೆ ಥಿನ್ನರ್ ಕೈಗೆ ಬಂದರೆ ಪರಿಣಾಮ ಬೇರೆಯೇ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಇಂತಹ ಕೊಳೆಗೆ ಟ್ರೈಅಮೋನಿಯಂ ಸಿಟ್ರೇಟಿನ ತೆಳುವಾದ ದ್ರಾವಣ ಬಳಸುತ್ತಾರೆ. ಕೊಳೆಯಲ್ಲಿನ ಲೋಹದ ಅಂಶಗಳನ್ನು ಹಿಡಿದು ಬಿಡಿಸುವ ಲವಣವದು. ಅದೇ ಗುಣ ಕೆಲವು ಬಣ್ಣಗಳಿಗೂ ಮಾರಕವಾಗುವುದರಿಂದ ತರಬೇತಿ ಇಲ್ಲದವರಿಗೆ ಹೇಳಿದ್ದಲ್ಲ.

ಸಂರಕ್ಷಕರ ಹಳೆಯ ಉಪಾಯ ಎಂಜಲು ಎಂದರೆ ನಗು ಬರಬಹುದು. ಪೋರ್ಚುಗಲ್‌ನ ಮೂವರು ಸಂಶೋಧಕರು ಎಂಜಲಿನ ಶುಚಿಗುಣವನ್ನು ಅಳೆದು, ಅದರಲ್ಲಿನ ಅಮೈಲೇಸ್ ಕಿಣ್ವಕ್ಕೆ ಹೆಚ್ಚಿನ ಶ್ರೇಯ ಸಲ್ಲಬೇಕೆಂದು 1990ರಲ್ಲಿ ತಿಳಿಸಿದ್ದರು. 2018ರಲ್ಲಿ ಇವರಿಗೆ ರಸಾಯನಶಾಸ್ತ್ರದ ಇಗ್ನೊಬೆಲ್ ಬಹುಮಾನವೂ ಸಂದಿತು. ಸೀಸದ ಬಣ್ಣ, ತಂಬಾಕಿನ ಟಾರ್ ಎರಡೂ ಇರುವ ವಸ್ತುವಿಗೆ ಕಡ್ಡಿಯನ್ನು ಬಾಯಿಂದ ತೇವ ಮಾಡಿಕೊಳ್ಳುವುದು ಮಾತ್ರ ಬುದ್ಧಿವಂತಿಕೆಯಲ್ಲ.

ಮನೆಮದ್ದಿನ ಹಾನಿ

ಹಿತ್ತಾಳೆ ತಾಮ್ರ ಬೆಳಗುವ ಹುಣಸೆಹಣ್ಣು, ನಿಂಬೆಸಿಪ್ಪೆ, ಬೂದಿ ಇವೆಲ್ಲ ಬಣ್ಣ ಬಳಿದ ಸತುವಿನ ಶತ್ರುಗಳು. ಹುಳಿ ಸತುವನ್ನು ತಿನ್ನುತ್ತದೆ, ಬೂದಿ ಬಣ್ಣವನ್ನು ತಿಕ್ಕುತ್ತದೆ. ರೇಷ್ಮೆ ಒಗೆಯುವ ಅಂಟುವಾಳಕಾಯಿ ಗುಣದಲ್ಲಿ ಸೌಮ್ಯವೇ ಆದರೂ ಅದರ ಕಷಾಯ ತಾನೇ ಕಂದು. ಹತ್ತಿಗೆ ಬಂದದ್ದು ಹೊಗೆಯೋ ಕಾಯಿಯ ಬಣ್ಣವೋ ತಿಳಿಯದೆ ಪರೀಕ್ಷೆಯೇ ಕೆಡುತ್ತದೆ. ಟೂತ್‌ಪೇಸ್ಟ್, ಅಡುಗೆಸೋಡ, ‘ಮ್ಯಾಜಿಕ್’ ಎಂಬ ಹೆಸರಿನ ಬಿಳಿಯ ಸ್ಪಂಜು ಇವು ಮೂರೂ ನುಣ್ಣನೆಯ ಮರಳುಕಾಗದದಂತೆ ವರ್ತಿಸುತ್ತವೆ. ಕರೆ ಹೋದಂತೆ ಕಂಡರೂ ಜೊತೆಗೆ ಹೊಳಪೂ ಹೋಗಿರುತ್ತದೆ.

ಗಾಜು ಒರೆಸುವ ನೀಲಿ ದ್ರವಗಳಲ್ಲಿ ಅಮೋನಿಯ ಇರುವುದುಂಟು. ಅದು ಬಂಪರಿನ ಬೆಳ್ಳಿಲೇಪಕ್ಕೂ ಬರಿಯ ಸತುವಿಗೂ ಆಗದು. ಬ್ಲೀಚಿನ ಮಾತೇ ಬೇಡ. ಹೆಚ್ಚು ಜನ ಸೂಚಿಸುವ ಸ್ಪಿರಿಟ್, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಟಾರನ್ನು ಬೇಗ ಕರಗಿಸುತ್ತದೆ ಎಂಬುದು ದಿಟ. ಅಷ್ಟೇ ಬೇಗ ಅಚ್ಚೊತ್ತಿದ ಅಕ್ಷರಗಳನ್ನೂ ಲ್ಯಾಕರ್ ಬಣ್ಣವನ್ನೂ ಮೆತ್ತಗಾಗಿಸುತ್ತದೆ, ಕಿಟಕಿಯ ಪ್ಲಾಸ್ಟಿಕ್ಕಿನಲ್ಲಿ ಜೇಡರಬಲೆಯಂತಹ ಬಿರುಕು ಎಬ್ಬಿಸುತ್ತದೆ. ಚನ್ನಪಟ್ಟಣದ ಮರದ ಗೊಂಬೆಗಳು ಲೋಹದವಲ್ಲದಿದ್ದರೂ ಅದೇ ಬೀರುವಿನಲ್ಲಿರುವ ಸಾಧ್ಯತೆ ಇರುವುದರಿಂದ ಒಂದು ಮಾತು: ಅವುಗಳ ಮೇಲಿನ ಅರಗು ಸ್ಪಿರಿಟ್ಟಿನಲ್ಲಿ ಕರಗುವ ಪದಾರ್ಥ. ಒಂದೇ ಒರೆಸಿಗೆ ಹೊಳಪು ಮಾಯ.

ತಗಡಿನ ಆಟಿಕೆ, ಎನಾಮೆಲ್ ಫಲಕ

ಕೀಲಿ ಕೊಟ್ಟರೆ ಓಡುವ ತಗಡಿನ ರೈಲು, ಕುಣಿಯುವ ಕೋತಿ ಮುಂತಾದವುಗಳ ಮೇಲಿನ ಚಿತ್ರ ಬಳಿದದ್ದಲ್ಲ, ಲಿಥೊ ವಿಧಾನದಲ್ಲಿ ತಗಡಿನ ಮೇಲೆ ಮುದ್ರಿಸಿದ್ದು. ಶಾಯಿಯ ಪದರ ಕಾಗದದ ಮೇಲಿನದರಂತೆ ತೆಳು. ತಗಡೆಂದರೆ ತವರದ ಲೇಪವಿರುವ ಉಕ್ಕು. ಗೀರಿನ ಮೂಲಕ, ಮಡಚಿದ ಅಂಚಿನ ಮೂಲಕ ನೀರು ಒಳಹೊಕ್ಕರೆ ತುಕ್ಕು ಖಚಿತ. ಇಲ್ಲಿ ಕಡ್ಡಿ ಬರೀ ತಂಪಾಗಿರಬೇಕು, ತೇವವೆನ್ನುವಷ್ಟೂ ಇರಬಾರದು. ಒಂದು ಅಂಗುಲ ಮಾಡಿದೊಡನೆ ಒಣಗಿಸಿ ಮುಂದಿನದಕ್ಕೆ ಹೋಗಬೇಕು. ಹಳೆಯ ಸಿಗರೇಟು ಡಬ್ಬಿ, ಬಿಸ್ಕತ್ತು ಡಬ್ಬಿಗಳಿಗೂ ಇದೇ ನಿಯಮ. ಸ್ವಲ್ಪ ಹಳದಿ ಉಳಿದರೂ ಉಳಿಯಲಿ.

ಅಂಗಡಿಗಳ ಮುಂದೆ ತೂಗುತ್ತಿದ್ದ ಹಳೆಯ ಎನಾಮೆಲ್ ಜಾಹೀರಾತು ಫಲಕಗಳದು ಇದಕ್ಕೆ ತದ್ವಿರುದ್ಧ ಸ್ವಭಾವ. ಕಬ್ಬಿಣದ ಹಾಳೆಯ ಮೇಲೆ ಗಾಜಿನ ಪುಡಿಯನ್ನು ಕರಗಿಸಿ ಹಿಡಿಸಿದ ಲೇಪವದು, ಹೆಸರು ಒಂದೇ ಆದರೂ ಎನಾಮೆಲ್ ಪೇಂಟಿಗೂ ಅದಕ್ಕೂ ಸಂಬಂಧವಿಲ್ಲ. ಸಾಬೂನುನೀರು, ಮೆತ್ತನೆಯ ಬಟ್ಟೆಗೆ ಹೊಗೆಯ ಕರೆ ಸುಲಭವಾಗಿ ಬಿಡುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಹಾಕಬಾರದು. ಅದು ಗಾಜಿನ ಹೊಳಪನ್ನೂ ಚಕ್ಕೆ ಎದ್ದ ಜಾಗದ ಕಬ್ಬಿಣವನ್ನೂ ತಿನ್ನುತ್ತದೆ. ಮೊಳೆಯ ತೂತುಗಳ ಸುತ್ತ ನೀರು ನಿಲ್ಲದಂತೆ ನೋಡಿಕೊಂಡರಾಯಿತು.

ರಟ್ಟಿನ ಪೆಟ್ಟಿಗೆ ಮತ್ತು ಘಾಟು

ಮೂಲ ಪೆಟ್ಟಿಗೆ ಇದ್ದರೆ ಕಾರಿನ ಬೆಲೆ ಗಣನೀಯವಾಗಿ ಏರುತ್ತದೆ. ಆದರೆ ಹೊಗೆಯನ್ನು ಎಲ್ಲಕ್ಕಿಂತ ಹೆಚ್ಚು ಹೀರಿಕೊಂಡಿರುವುದೂ ಅದೇ ರಟ್ಟು. ಅದನ್ನು ತೊಳೆಯುವಂತಿಲ್ಲ. ಸಂರಕ್ಷಕರು ಬಳಸುವ ಒಣ ರಬ್ಬರಿನ ಸ್ಪಂಜಿನಿಂದ ಮೇಲ್ಪದರದ ಕೊಳೆಯನ್ನು ಹಗುರಾಗಿ ಎತ್ತಬಹುದು, ಒಳಗಿಳಿದ ಹಳದಿ ಉಳಿಯುತ್ತದೆ. ಘಾಟಿಗೆ ಒಂದು ಉಪಾಯವುಂಟು. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೆಟ್ಟಿಗೆಯನ್ನೂ, ಪ್ರತ್ಯೇಕ ಬಟ್ಟಲಿನಲ್ಲಿ ಸಕ್ರಿಯ ಇದ್ದಿಲು ಇಲ್ಲವೇ ಅಡುಗೆಸೋಡವನ್ನೂ ಇಟ್ಟು ಮೂರು ನಾಲ್ಕು ವಾರ ಬಿಡಬೇಕು. ಪುಡಿ ರಟ್ಟಿಗೆ ತಾಗಬಾರದು. ವಾರಕ್ಕೊಮ್ಮೆ ಸೋಡ ಬದಲಿಸಬೇಕು. ಸುಗಂಧ ಸಿಂಪಡಿಸಿದರೆ ಎರಡು ವಾಸನೆಗಳು ಸೇರಿ ಮೂರನೆಯದೊಂದು ಹುಟ್ಟುತ್ತದೆ, ಅಷ್ಟೇ.

ಶುಚಿಯಾದ ಕಾರನ್ನು ಮರಳಿ ಇಡುವ ಬೀರುವನ್ನೂ ಒರೆಸದಿದ್ದರೆ ಕೆಲಸ ಅರ್ಧವಾದಂತೆ. ಬೀರುವಿನ ಒಳಗೋಡೆಯ ಅಂಟು ಕ್ರಮೇಣ ಆವಿಯಾಗಿ ಮತ್ತೆ ಲೋಹದ ಮೇಲೆ ಕೂರುತ್ತದೆ. ಹೊಸ ಪ್ಲೈವುಡ್ ಬೀರುವಿನಲ್ಲಿ ಬೇರೆ ತೊಂದರೆ: ಮರ ಮತ್ತು ಅದರ ಅಂಟಿನಿಂದ ಹೊರಡುವ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಸತುವನ್ನೂ ಸೀಸವನ್ನೂ ಬಿಳಿಯ ಪುಡಿಯಾಗಿಸುತ್ತದೆ. ಗಾಜು ಮತ್ತು ಲೋಹದ ಬೀರು, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲ ಇರಿಸುವುದು ಕ್ಷೇಮ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಚೀಲಗಳನ್ನು ತಿಂಗಳಿಗೊಮ್ಮೆಯಾದರೂ ಬದಲಿಸಬೇಕಾದೀತು. ಗಟ್ಟಿ ಬಣ್ಣವಿರುವ ಕಾರಿಗೆ ಮೈಕ್ರೊಕ್ರಿಸ್ಟಲೈನ್ ಮೇಣದ ತೆಳುಲೇಪ ಕೊಡುವುದುಂಟು. ಬ್ರಿಟಿಷ್ ಮ್ಯೂಸಿಯಂನಲ್ಲಿ 1950ರ ದಶಕದಲ್ಲಿ ಇಂತಹ ಮೇಣ ರೂಪುಗೊಂಡು ಇಂದಿಗೂ ಬಳಕೆಯಲ್ಲಿದೆ. ಬಣ್ಣ ಹಕ್ಕಳೆ ಏಳುತ್ತಿದ್ದರೆ ಮೇಣವೂ ಬೇಡ.

ಮಾರುವ ಉದ್ದೇಶವಿದ್ದಲ್ಲಿ ವಸ್ತು ಸೇದುವವರ ಮನೆಯಲ್ಲಿತ್ತು, ಸಾಬೂನುನೀರಿನಿಂದ ಶುಚಿಗೊಳಿಸಲಾಗಿದೆ ಎಂದು ಬರೆದೇ ಕೊಡುವುದು ಹವ್ಯಾಸಿಗಳಲ್ಲಿ ಒಳ್ಳೆಯ ರೂಢಿ. ಕಣ್ಣಿಗೆ ಕಾಣದ್ದು ಮೂಗಿಗೆ ತಿಳಿಯುತ್ತದೆ. ಯುದ್ಧಪೂರ್ವದ ಅಪರೂಪದ ಮಾದರಿ, ಪದರ ಏಳುತ್ತಿರುವ ಬಣ್ಣ, ಕೈಯಿಂದ ಚಿತ್ರಿಸಿದ ಲೋಹದ ವಸ್ತು ಇವುಗಳನ್ನು ಮನೆಯಲ್ಲಿ ಮುಟ್ಟದೆ ಸಂರಕ್ಷಕರಿಗೆ ತೋರಿಸುವುದು ಉತ್ತಮ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಸಂಸ್ಥೆ ಸ್ಥಾಪಿಸಿದ ಕಲಾ ಸಂರಕ್ಷಣಾ ಕೇಂದ್ರ, ಮೈಸೂರಿನಲ್ಲಿ ಕೇಂದ್ರ ಸರಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಈ ಬಗೆಯ ಕೆಲಸಕ್ಕೆ ಹೆಸರಾದವು. ತೋರಿಸಲು ಒಯ್ಯುವಾಗ ವಸ್ತುವನ್ನು ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಬೇಕು. ವೃತ್ತಪತ್ರಿಕೆಯ ಶಾಯಿ ಅಂಟು ಮೈಗೆ ಹತ್ತಿಕೊಂಡರೆ ತೆಗೆಯಬೇಕಾದ ಕರೆ ಎರಡಾಗುತ್ತದೆ.